ಇಂಗ್ಲಿಷಿನ ಒಂದು ಪದ, ಸ್ಪ್ಯಾನಿಷಿನ ನಾಲ್ಕು ಪದ: ಯಾವುದನ್ನು ಆರಿಸಿಕೊಳ್ಳಬೇಕು?

ಸ್ಪ್ಯಾನಿಷ್ ಕಲಿಯಲು ಶುರು ಮಾಡಿ ಮೂರು ತಿಂಗಳಾಗಿತ್ತು. ಮೆಕ್ಸಿಕೊದ ಶಿಕ್ಷಕಿಯೊಬ್ಬರ ಜೊತೆ ವಿಡಿಯೊ ಕರೆಯಲ್ಲಿ ಮಾತಾಡುತ್ತಾ, 'ನಾನು ಒಂದು ಲೋಟ ನೀರು ಕೇಳಿದೆ' ಎಂದು ಹೇಳಬೇಕಾಗಿತ್ತು. ನಿಘಂಟಿನಲ್ಲಿ 'ಆಸ್ಕ್' ಎದುರು ಮೊದಲು ಕಂಡಿದ್ದ ಪದ 'ಪ್ರೆಗುಂತಾರ್'. ಅದನ್ನೇ ಭೂತಕಾಲಕ್ಕೆ ತಿರುಗಿಸಿ 'ಪ್ರೆಗುಂತೇ ಉನ್ ವಾಸೊ ದೆ ಆಗ್ವಾ' ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, ನಿಧಾನವಾಗಿ 'ಪೆದೀ' ಎಂದು ತಿದ್ದಿದರು. ಪ್ರೆಗುಂತಾರ್ ಅಂದರೆ ಪ್ರಶ್ನೆ ಕೇಳುವುದು. ಪೆದೀರ್ ಅಂದರೆ ಬೇಕು ಎಂದು ಕೇಳುವುದು. ನೀರನ್ನು ಬೇಡಬಹುದು, ನೀರನ್ನು ಪ್ರಶ್ನಿಸಲಾಗದು.

ಅವತ್ತಿನಿಂದ ಒಂದು ವಿಷಯ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಕನ್ನಡಿಗರಲ್ಲಿ ಹೆಚ್ಚಿನವರು ಸ್ಪ್ಯಾನಿಷನ್ನು ಇಂಗ್ಲಿಷಿನ ಮೂಲಕ ಕಲಿಯುತ್ತೇವೆ. ಪುಸ್ತಕ, ಆ್ಯಪ್, ನಿಘಂಟು ಎಲ್ಲವೂ ಇಂಗ್ಲಿಷಿನಲ್ಲೇ ಇರುತ್ತವೆ. ಹಾಗಾಗಿ ಮನಸ್ಸಿನಲ್ಲಿರುವ ಅರ್ಥ ಮೊದಲು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಸ್ಪ್ಯಾನಿಷಿಗೆ ಬರುತ್ತದೆ. ಕನ್ನಡದಲ್ಲಿ ಸ್ಪಷ್ಟವಾಗಿ ಬೇರೆಬೇರೆಯಾಗಿದ್ದ ಎರಡು ಅರ್ಥಗಳು ಇಂಗ್ಲಿಷಿನ ಒಂದೇ ಪದದೊಳಗೆ ಬೆರೆತುಹೋಗುತ್ತವೆ, ಸ್ಪ್ಯಾನಿಷಿಗೆ ಬಂದಾಗ ಅವನ್ನು ಮತ್ತೆ ಬಿಡಿಸಬೇಕಾಗುತ್ತದೆ. ಈ ಸುತ್ತು ಎಷ್ಟೋ ಕಡೆ ಅನವಶ್ಯಕ. ಇಂಗ್ಲಿಷ್ ಪದ ಎದುರಾದಾಗ 'ಇದನ್ನು ಕನ್ನಡದಲ್ಲಿ ಏನಂತೀನಿ?' ಎಂದು ಮೊದಲು ಕೇಳಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಕನ್ನಡವೂ ಕೈಕೊಡುವ ಜಾಗಗಳಿವೆ. 'ಕೇಳು' ಅಂಥದ್ದೇ ಒಂದು, ಅದಕ್ಕೆ ಆಮೇಲೆ ಬರುತ್ತೇನೆ.

ಬರವಣಿಗೆಯ ಬಗ್ಗೆ ಒಂದು ಮಾತು. ಸ್ಪ್ಯಾನಿಷ್ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ, ಲ್ಯಾಟಿನ್ ಅಮೆರಿಕದ ಉಚ್ಚಾರದಂತೆ ಕೊಟ್ಟಿದ್ದೇನೆ. ಆ ಭಾಷೆಯಲ್ಲಿ ವ ಮತ್ತು ಬ ಅಕ್ಷರಗಳ ಉಚ್ಚಾರ ಒಂದೇ. ಆದರೂ ನಿಘಂಟಿನಲ್ಲಿ ಹುಡುಕುವವರಿಗೆ ಅನುಕೂಲವಾಗಲಿ ಎಂದು ಕಾಗುಣಿತದಲ್ಲಿ ವ ಇರುವಲ್ಲಿ ವ ಎಂದೇ ಬರೆದಿದ್ದೇನೆ.

ಸೆರ್, ಎಸ್ತಾರ್, ಆಯ್: 'ಅಲ್ಲ' ಮತ್ತು 'ಇಲ್ಲ' ಗೊತ್ತಿರುವವರಿಗೆ

ಕಲಿಯುವವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇಂಗ್ಲಿಷಿನ 'ಈಸ್'. ಅದಕ್ಕೆ ಸ್ಪ್ಯಾನಿಷಿನಲ್ಲಿ ಸೆರ್ ಮತ್ತು ಎಸ್ತಾರ್ ಎಂಬ ಎರಡು ಕ್ರಿಯಾಪದಗಳಿವೆ. ಪಠ್ಯಪುಸ್ತಕಗಳು 'ಶಾಶ್ವತವಾದದ್ದಕ್ಕೆ ಸೆರ್, ತಾತ್ಕಾಲಿಕವಾದದ್ದಕ್ಕೆ ಎಸ್ತಾರ್' ಎನ್ನುತ್ತವೆ. ಈ ಸೂತ್ರವನ್ನು ನಾನು ನಂಬುವುದಿಲ್ಲ. ಸತ್ತವನು ಸತ್ತೇ ಇರುತ್ತಾನೆ, ಆದರೂ ಸ್ಪ್ಯಾನಿಷಿನಲ್ಲಿ ಅದು 'ಎಸ್ತಾ ಮುಯೆರ್ತೊ', ಅಂದರೆ ಎಸ್ತಾರ್. ವಿದ್ಯಾರ್ಥಿಯಾಗಿರುವುದು ಎರಡೋ ಮೂರೋ ವರ್ಷದ ಮಾತು, ಆದರೂ 'ಎಸ್ ಎಸ್ತುದಿಯಾಂತೆ', ಅಂದರೆ ಸೆರ್.

ಇದಕ್ಕಿಂತ ಒಳ್ಳೆಯ ಅಳತೆಗೋಲು ನಮ್ಮ ಬಾಯಲ್ಲೇ ಇದೆ. ವಾಕ್ಯವನ್ನು ನಿಷೇಧಕ್ಕೆ ತಿರುಗಿಸಿ ನೋಡಿ. 'ಅವಳು ವೈದ್ಯೆ ಅಲ್ಲ', 'ಇವತ್ತು ಸೋಮವಾರ ಅಲ್ಲ', 'ಈ ಮೇಜು ಮರದ್ದಲ್ಲ'. ಅಲ್ಲ ಬಂದ ಕಡೆಯೆಲ್ಲ ಸೆರ್: 'ನೊ ಎಸ್ ಮೇದಿಕಾ', 'ನೊ ಎಸ್ ಲೂನೆಸ್', 'ನೊ ಎಸ್ ದೆ ಮದೇರಾ'. ಈಗ 'ಅವಳು ಮನೆಯಲ್ಲಿ ಇಲ್ಲ', 'ಬಾಗಿಲು ತೆರೆದಿಲ್ಲ', 'ನೀರು ಬಿಸಿಯಾಗಿಲ್ಲ'. ಇಲ್ಲ ಬಂದ ಕಡೆ ಎಸ್ತಾರ್: 'ನೊ ಎಸ್ತಾ ಎನ್ ಕಾಸಾ', 'ನೊ ಎಸ್ತಾ ಅಬಿಯೆರ್ತಾ', 'ನೊ ಎಸ್ತಾ ಕಾಲಿಯೆಂತೆ'. ಸತ್ತವನ ವಿಷಯವೂ ಇಲ್ಲಿ ಸರಿಹೋಗುತ್ತದೆ: ನಾವು 'ಸತ್ತಿದ್ದಾನೆ' ಅನ್ನುತ್ತೇವೆ, ಆ ಪದದ ಬಾಲದಲ್ಲಿ 'ಇದ್ದಾನೆ' ಕೂತಿದೆ.

ಈ ಅಳತೆಗೋಲು ಎರಡು ಕಡೆ ತಪ್ಪುತ್ತದೆ. ಒಂದು, ಸ್ವಭಾವ ಮತ್ತು ಮೈಕಟ್ಟು ಹೇಳುವ ಗುಣವಾಚಕಗಳು. 'ಅವನು ಎತ್ತರವಾಗಿಲ್ಲ' ಎಂದು ನಾವು ಇಲ್ಲ ಹಾಕುತ್ತೇವೆ, ಸ್ಪ್ಯಾನಿಷಿನಲ್ಲಿ ಮಾತ್ರ 'ನೊ ಎಸ್ ಆಲ್ತೊ', ಅಂದರೆ ಸೆರ್. ಇಂಥಲ್ಲಿ 'ಅವನು ಎಂಥವನು?' ಎಂಬ ಪ್ರಶ್ನೆಗೆ ಉತ್ತರವಾದರೆ ಸೆರ್, 'ಅವನು ಹೇಗಿದ್ದಾನೆ?' ಎಂಬ ಪ್ರಶ್ನೆಗೆ ಉತ್ತರವಾದರೆ ಎಸ್ತಾರ್. 'ಎಸ್ ಅಬುರ್ರೀದೊ' ಅಂದರೆ ಅವನು ಬೇಸರ ಹುಟ್ಟಿಸುವ ಮನುಷ್ಯ, 'ಎಸ್ತಾ ಅಬುರ್ರೀದೊ' ಅಂದರೆ ಅವನಿಗೆ ಬೇಸರವಾಗಿದೆ. 'ಎಸ್ ಲೀಸ್ತೊ' ಅಂದರೆ ಜಾಣ, 'ಎಸ್ತಾ ಲೀಸ್ತೊ' ಅಂದರೆ ಸಿದ್ಧನಾಗಿದ್ದಾನೆ. ಕ್ರಿಯಾಪದ ಬದಲಾದರೆ ಗುಣವಾಚಕದ ಅರ್ಥವೇ ಬದಲಾಗುವ ಇಂಥ ಜೋಡಿಗಳನ್ನು ಬಾಯಿಪಾಠ ಮಾಡಿಬಿಡುವುದೇ ವಾಸಿ.

ಎರಡನೆಯದು ಕಾರ್ಯಕ್ರಮಗಳ ಜಾಗ. 'ಸಭೆ ಮೇಲಿನ ಕೋಣೆಯಲ್ಲಿದೆ' ಎನ್ನುವಾಗ ಜಾಗದ ಮಾತು ಬಂದಿತಲ್ಲ, ಎಸ್ತಾರ್ ಇರಬೇಕು ಎನಿಸುತ್ತದೆ. ಆದರೆ ಅಲ್ಲಿ ಬರುವುದು ಸೆರ್. 'ಇದೆ' ತೆಗೆದು 'ನಡೆಯುತ್ತದೆ' ಇಟ್ಟರೂ ವಾಕ್ಯ ಸರಿಯಿದ್ದರೆ ಸೆರ್ ಎಂದುಕೊಳ್ಳಿ. ಸಭೆ ನಡೆಯುತ್ತದೆ, ಮದುವೆ ನಡೆಯುತ್ತದೆ, ಕುರ್ಚಿ ನಡೆಯುವುದಿಲ್ಲ.

ಇನ್ನು ಆಯ್. ಇಂಗ್ಲಿಷಿನ 'ದೇರ್ ಈಸ್' ಜಾಗಕ್ಕೆ ಬರುವ ಪುಟ್ಟ ಪದ ಇದು. ಎಸ್ತಾ ಎಲ್ಲಿ, ಆಯ್ ಎಲ್ಲಿ ಎಂದು ಗೊಂದಲವಾದರೆ ನಮ್ಮ ಪದಕ್ರಮ ನೋಡಿ. 'ಪುಸ್ತಕ ಮೇಜಿನ ಮೇಲಿದೆ' ಎನ್ನುವಾಗ ಯಾವ ಪುಸ್ತಕ ಎಂದು ಕೇಳುವವನಿಗೆ ಗೊತ್ತು, ಎಲ್ಲಿದೆ ಎನ್ನುವುದಷ್ಟೇ ಹೊಸ ಸುದ್ದಿ. ಅದು 'ಎಲ್ ಲೀಬ್ರೊ ಎಸ್ತಾ ಎನ್ ಲಾ ಮೇಸಾ'. 'ಮೇಜಿನ ಮೇಲೆ ಒಂದು ಪುಸ್ತಕ ಇದೆ' ಎನ್ನುವಾಗ ಪುಸ್ತಕವೇ ಹೊಸ ಸುದ್ದಿ. ಅದು 'ಆಯ್ ಉನ್ ಲೀಬ್ರೊ ಎನ್ ಲಾ ಮೇಸಾ'. ವಸ್ತು ಮೊದಲು ಬಂದರೆ ಎಸ್ತಾ, ಜಾಗ ಮೊದಲು ಬಂದು ವಸ್ತು ಆಮೇಲೆ ಬಂದರೆ ಆಯ್. ಇದನ್ನು ನನಗೆ ಯಾವ ಪುಸ್ತಕವೂ ಹೇಳಿಕೊಡಲಿಲ್ಲ. ಎರಡೂ ವಾಕ್ಯಗಳನ್ನು ಒಂದರ ಕೆಳಗೊಂದು ಬರೆದಿಟ್ಟುಕೊಂಡು ದಿಟ್ಟಿಸುತ್ತಿದ್ದಾಗ ಹೊಳೆಯಿತು, ಆ ಸಂತೋಷ ಇನ್ನೂ ಮಾಸಿಲ್ಲ.

ಸಬೇರ್, ಕೊನೊಸೇರ್, ಪೊದೇರ್: ಗೊತ್ತು, ಪರಿಚಯ, ಬರುತ್ತದೆ, ಆಗುತ್ತದೆ

ಇಂಗ್ಲಿಷಿನ 'ನೋ' ಎನ್ನುವ ಕ್ರಿಯಾಪದಕ್ಕೆ ಸಬೇರ್ ಮತ್ತು ಕೊನೊಸೇರ್ ಎರಡೂ ಸಿಗುತ್ತವೆ. ಕನ್ನಡದ 'ಗೊತ್ತು' ಎರಡಕ್ಕೂ ಒಗ್ಗುವುದರಿಂದ ಅದನ್ನು ಬದಿಗಿಡಿ. 'ಅವರ ಪರಿಚಯ ಇದೆ' ಎಂದು ಹೇಳಬಹುದಾದರೆ ಕೊನೊಸೇರ್, 'ವಿಷಯ ತಿಳಿದಿದೆ' ಎಂದು ಹೇಳಬಹುದಾದರೆ ಸಬೇರ್. ವ್ಯಕ್ತಿ, ಊರು, ಒಬ್ಬ ಚಿತ್ರಕಾರನ ಕೃತಿಗಳು, ಇವೆಲ್ಲ ಕೊನೊಸೇರ್. ವಿಳಾಸ, ಕಾರಣ, ಯಾರು ಬಂದರು ಎಂಬ ಸಂಗತಿ, ಇವೆಲ್ಲ ಸಬೇರ್. 'ಕೊನೋಸೆಸ್ ಪೆರೂ?' ಎಂದು ಯಾರಾದರೂ ಕೇಳಿದರೆ ಪೆರು ಎಂಬ ದೇಶ ಇರುವುದು ಗೊತ್ತೇ ಎಂದಲ್ಲ, ಅಲ್ಲಿಗೆ ಹೋಗಿ ನೋಡಿದ್ದೀಯಾ ಎಂದು ಅರ್ಥ.

ಭೂತಕಾಲಕ್ಕೆ ಬಂದಾಗ ಇಂಗ್ಲಿಷ್ ಪಾಠಗಳು ಇಲ್ಲಿ ಒಂದು ದೊಡ್ಡ ಅಪವಾದ ಇದೆ ಎಂದು ಹೆದರಿಸುತ್ತವೆ. ಸರಳ ಭೂತಕಾಲದಲ್ಲಿ 'ಕೊನೊಸೀ' ಅಂದರೆ ಮೊದಲ ಸಲ ಭೇಟಿಯಾದೆ, 'ಸೂಪೆ' ಅಂದರೆ ಆಗ ತಿಳಿದುಕೊಂಡೆ ಎಂದಾಗುತ್ತದಂತೆ. ನಮಗೆ ಇದು ಅಪವಾದವೇ ಅಲ್ಲ. ಪರಿಚಯ ಇತ್ತು, ಪರಿಚಯವಾಯಿತು. ಗೊತ್ತಿತ್ತು, ಗೊತ್ತಾಯಿತು. 'ಇತ್ತು' ಬಂದ ಕಡೆ 'ಕೊನೊಸೀಯಾ', 'ಸಬೀಯಾ'. 'ಆಯಿತು' ಬಂದ ಕಡೆ 'ಕೊನೊಸೀ', 'ಸೂಪೆ'.

ಇಷ್ಟೇ ಸಲೀಸಾಗಿ ಬಿಡಿಸಬಹುದಾದ ಇನ್ನೊಂದು ಗಂಟು ಇಂಗ್ಲಿಷಿನ 'ಕ್ಯಾನ್'. 'ನನಗೆ ಈಜಲು ಬರಲ್ಲ' ಮತ್ತು 'ನನಗೆ ಇವತ್ತು ಈಜಲು ಆಗಲ್ಲ' ಎರಡನ್ನೂ ಇಂಗ್ಲಿಷ್ ಒಂದೇ 'ಕಾಂಟ್' ಇಟ್ಟು ಮುಗಿಸುತ್ತದೆ. ಸ್ಪ್ಯಾನಿಷಿನಲ್ಲಿ ಬರಲ್ಲ ಅಂದರೆ 'ನೊ ಸೇ ನದಾರ್', ಸಬೇರ್ ಕ್ರಿಯಾಪದದಿಂದ. ಆಗಲ್ಲ ಅಂದರೆ 'ನೊ ಪುಯೇದೊ ನದಾರ್', ಪೊದೇರ್ ಕ್ರಿಯಾಪದದಿಂದ. ಕಲಿತ ವಿದ್ಯೆಗೆ ಸಬೇರ್, ಸಾಧ್ಯತೆಗೆ ಪೊದೇರ್. ಕೈಗೆ ಪೆಟ್ಟಾಗಿದೆ ಎಂದು ಹೇಳಲು ಹೊರಟು 'ನೊ ಸೇ ನದಾರ್' ಅಂದರೆ ಎದುರಿನವರು ನಿಮಗೆ ಈಜು ಕಲಿಸಲು ಹೊರಡಬಹುದು.

ಬಿಸಿ, ಸೆಖೆ, ಖಾರ

'ಹಾಟ್' ಎಂಬ ಪದವನ್ನು ಕನ್ನಡ ಎಷ್ಟು ಚೊಕ್ಕಟವಾಗಿ ಮೂರು ಮಾಡುತ್ತದೆ ನೋಡಿ. ಮುಟ್ಟಿದರೆ ಬಿಸಿ, ಹವೆ ಸೆಖೆ, ನಾಲಿಗೆಗೆ ಖಾರ. ಸ್ಪ್ಯಾನಿಷಿನಲ್ಲೂ ಹಾಗೆಯೇ: ವಸ್ತು ಬಿಸಿಯಾಗಿದ್ದರೆ ಕಾಲಿಯೆಂತೆ, ಸೆಖೆಗೆ ಕಲೋರ್, ಖಾರಕ್ಕೆ ಪಿಕಾಂತೆ. ಕಲೋರ್ ನಾಮಪದ ಎನ್ನುವುದನ್ನು ಮಾತ್ರ ನೆನಪಿಡಬೇಕು. ಹೊರಗೆ ಸೆಖೆ ಇದ್ದರೆ 'ಆಸೆ ಕಲೋರ್'. ನನಗೆ ಸೆಖೆಯಾಗುತ್ತಿದ್ದರೆ 'ತೆಂಗೊ ಕಲೋರ್'. ಇಲ್ಲಿ ಇಂಗ್ಲಿಷನ್ನು ಅನುಸರಿಸಿ 'ಎಸ್ತೊಯ್ ಕಾಲಿಯೆಂತೆ' ಎಂದುಬಿಟ್ಟರೆ ಸೆಖೆಯ ಮಾತು ಕಾಮದ ಮಾತಾಗಿ ಕೇಳಿಸುತ್ತದೆ. ಕಲಿಯುವವರು ಮಾಡುವ ತಪ್ಪುಗಳಲ್ಲಿ ನಿಜಕ್ಕೂ ಮುಜುಗರ ತರುವಂಥದ್ದು ಇದು, ಮೊದಲ ವಾರದಲ್ಲೇ ತಿಳಿದಿರಬೇಕು.

ಇದರ ಪಕ್ಕದಲ್ಲೇ ಒಂದು ಸಮಾಧಾನದ ಸಂಗತಿ. 'ನನಗೆ ಕಾಫಿ ಇಷ್ಟ' ಎನ್ನುವುದು 'ಮೆ ಗೂಸ್ತಾ ಎಲ್ ಕಫೇ'. 'ನನಗೆ ತಲೆ ನೋಯುತ್ತಿದೆ' ಎನ್ನುವುದು 'ಮೆ ದುಯೇಲೆ ಲಾ ಕಬೇಸಾ'. ಇಂಗ್ಲಿಷ್ ಮಾತೃಭಾಷೆಯವರು ಈ ರಚನೆಗೆ ಹೊಂದಿಕೊಳ್ಳಲು ಹೆಣಗುತ್ತಾರೆ, ಅವರಿಗೆ ಇಲ್ಲಿ ಕರ್ತೃ ತಲೆಕೆಳಗಾದಂತೆ ಕಾಣುತ್ತದೆ. ನಮಗೆ 'ನನಗೆ' ಎಂದು ಶುರುಮಾಡುವುದೇ ಸಹಜ. ಗುಸ್ತಾರ್ ಬಂದಾಗ ಇಂಗ್ಲಿಷ್ ವಾಕ್ಯವನ್ನು ನೆನೆಸಿಕೊಳ್ಳಲೇಬೇಡಿ.

ಬಲ, ಸರಿ, ಹಕ್ಕು, ನೆಟ್ಟಗೆ

'ರೈಟ್' ಪದದ ಕಷ್ಟ ದಾರಿ ಕೇಳುವಾಗ ಗೊತ್ತಾಗುತ್ತದೆ. 'ಆ ಲಾ ದೆರೇಚಾ' ಅಂದರೆ ಬಲಕ್ಕೆ. 'ತೋದೊ ದೆರೇಚೊ' ಅಂದರೆ ನೆಟ್ಟಗೆ, ಎಲ್ಲೂ ತಿರುಗದೆ. ಕೊನೆಯ ಒಂದು ಸ್ವರದಲ್ಲಿ ದಾರಿ ಬೇರೆಯಾಗುತ್ತದೆ. ಯಾರಾದರೂ ಗಡಿಬಿಡಿಯಲ್ಲಿ ಹೇಳಿದರೆ ಮತ್ತೊಮ್ಮೆ ಕೇಳಿ ಖಚಿತಮಾಡಿಕೊಳ್ಳಿ, ಕೈ ಎತ್ತ ತೋರಿಸುತ್ತಿದ್ದಾರೆ ಎಂದೂ ನೋಡಿ. ಇದೇ ದೆರೇಚೊ ನಾಮಪದವಾದಾಗ ಹಕ್ಕು, ಕಾನೂನುಶಾಸ್ತ್ರ ಎಂಬ ಅರ್ಥಗಳೂ ಬರುತ್ತವೆ.

'ಸರಿ' ಎಂಬ ಅರ್ಥದಲ್ಲಿ ಎರಡು ದಾರಿ. ಉತ್ತರ ಸರಿಯಿದ್ದರೆ ಕೊರ್ರೆಕ್ತೊ. ನೀವು ಹೇಳುವುದು ಸರಿ ಎನ್ನಲು 'ತಿಯೇನೆ ರಸೋನ್', ಅಕ್ಷರಶಃ ನಿಮ್ಮಲ್ಲಿ ನ್ಯಾಯ ಇದೆ ಎಂಬಂತೆ. ಮನುಷ್ಯನ ಮಾತನ್ನು ಒಪ್ಪುವಾಗ ಕೊರ್ರೆಕ್ತೊಗಿಂತ ಇದೇ ಸಹಜ. ಇನ್ನು ಇಂಗ್ಲಿಷಿನ 'ರೈಟ್ ಹಿಯರ್', 'ರೈಟ್ ನೌ' ಇವೆಯಲ್ಲ, ಅಲ್ಲಿ ರೈಟ್ ಪದಕ್ಕೆ ಬಲವೂ ಇಲ್ಲ, ಸರಿಯೂ ಇಲ್ಲ. ನಾವು ಇಲ್ಲೇ, ಈಗಲೇ ಎನ್ನುತ್ತೇವೆ. ನಮ್ಮ ಆ 'ಏ' ಮಾಡುವ ಕೆಲಸವನ್ನು ಅಲ್ಲಿ ಮಿಸ್ಮೊ ಮಾಡುತ್ತದೆ: 'ಅಕೀ ಮಿಸ್ಮೊ', 'ಅಓರಾ ಮಿಸ್ಮೊ'.

ಗಂಟೆ, ಹೊತ್ತು, ಸಲ, ಕಾಲ

'ಟೈಮ್' ಬಂದಾಗ ಕನ್ನಡದ ಪ್ರಶ್ನೆಯನ್ನು ಮನಸ್ಸಿನಲ್ಲೇ ಕೇಳಿನೋಡಿ. ಎಷ್ಟು ಗಂಟೆ? 'ಕೇ ಓರಾ ಎಸ್?' ಎಷ್ಟು ಹೊತ್ತು? 'ಕ್ವಾಂತೊ ತಿಯೆಂಪೊ?' ಎಷ್ಟು ಸಲ? 'ಕ್ವಾಂತಾಸ್ ವೇಸೆಸ್?' ಆ ಕಾಲದಲ್ಲಿ? 'ಎನ್ ಅಕೇಯಾ ಏಪೊಕಾ'. ಸ್ವಲ್ಪ ಹೊತ್ತು ಎನ್ನಲು 'ಉನ್ ರಾತೊ' ಎಂಬ ಬೆಚ್ಚನೆಯ ಮಾತಿದೆ, ಆಡುಮಾತಿನಲ್ಲಿ ಸದಾ ಕಿವಿಗೆ ಬೀಳುತ್ತದೆ. ಒಂದು ಎಚ್ಚರಿಕೆ: ಊಟದ ಹೊತ್ತಾಯಿತು ಎನ್ನುವಾಗ ನಾವು ಹೊತ್ತು ಅಂದರೂ ಅದು ನಿಗದಿಯಾದ ಸಮಯ, ಆದ್ದರಿಂದ 'ಎಸ್ ಓರಾ ದೆ ಕೊಮೇರ್'. ತಿಯೆಂಪೊ ಅಂದರೆ ಹವಾಮಾನ ಕೂಡ ಹೌದು. 'ಆಸೆ ಬುಯೆನ್ ತಿಯೆಂಪೊ' ಎಂದು ಕೇಳಿದರೆ ಒಳ್ಳೆಯ ಕಾಲ ಬಂದಿತು ಎಂದು ತಿಳಿಯಬೇಡಿ, ಹವೆ ಚೆನ್ನಾಗಿದೆ ಎನ್ನುತ್ತಿದ್ದಾರೆ.

ಬಿಡು ಅಂದರೆ ದೆಹಾರ್

ಇಡೀ ಸ್ಪ್ಯಾನಿಷಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಹೊಂದಿಕೆ ಇದು. ಇಂಗ್ಲಿಷಿನ 'ಲೀವ್' ಪದಕ್ಕೆ ನಿಘಂಟು ದೆಹಾರ್, ಸಲೀರ್, ಈರ್ಸೆ, ಮರ್ಚಾರ್ಸೆ ಎಂದು ಸಾಲು ಹಚ್ಚುತ್ತದೆ. ಕನ್ನಡದಲ್ಲಿ ಯೋಚಿಸಿದರೆ ಸಾಲು ತಾನಾಗಿ ಬಿಡಿಬಿಡಿಯಾಗುತ್ತದೆ. ಒಳಗಿಂದ ಹೊರಗೆ ಬರುವುದು, ರೈಲು ಹೊರಡುವುದು ಸಲೀರ್. ಇಲ್ಲಿಂದ ಹೊರಟುಹೋಗುವುದು ಈರ್ಸೆ ಅಥವಾ ಮರ್ಚಾರ್ಸೆ. 'ಬಿಡು' ಎನ್ನಬಹುದಾದದ್ದೆಲ್ಲ ದೆಹಾರ್.

ಎಲ್ಲ ಅಂದರೆ ಹೆಚ್ಚುಕಡಿಮೆ ಎಲ್ಲವೂ. ಪುಸ್ತಕ ಮನೆಯಲ್ಲೇ ಬಿಟ್ಟೆ: 'ದೆಹೇ ಎಲ್ ಲೀಬ್ರೊ ಎನ್ ಕಾಸಾ'. ಅವನನ್ನು ಹೋಗಲು ಬಿಡು: 'ದೇಹಾಲೊ ಈರ್'. ನನ್ನನ್ನು ನನ್ನ ಪಾಡಿಗೆ ಬಿಡು: 'ದೇಹಾಮೆ ಎನ್ ಪಾಸ್'. ಅವನು ಸೇದುವುದನ್ನು ಬಿಟ್ಟ: 'ದೆಹೋ ದೆ ಫುಮಾರ್'. ಇಂಗ್ಲಿಷ್ ಇಷ್ಟಕ್ಕೇ ಲೀವ್, ಲೆಟ್, ಸ್ಟಾಪ್ ಎಂದು ಮೂರು ಪದ ಖರ್ಚುಮಾಡುತ್ತದೆ. ಕನ್ನಡ ಮತ್ತು ಸ್ಪ್ಯಾನಿಷ್ ಒಂದೊಂದರಲ್ಲೇ ಮುಗಿಸುತ್ತವೆ. ಸಾವಿರಾರು ಮೈಲಿ ದೂರದ, ಯಾವ ನಂಟೂ ಇಲ್ಲದ ಎರಡು ಭಾಷೆಗಳು ಇಷ್ಟು ಹತ್ತಿರ ಬರುವುದನ್ನು ನೋಡಿದಾಗ ಮೈ ಜುಮ್ಮೆನ್ನುತ್ತದೆ.

ತೊಗೋ, ಒಯ್ಯಿ, ತೆಗೆ, ಹಿಡಿಯಿತು

'ಟೇಕ್' ದೊಡ್ಡ ಸಂಸಾರ. ಕೈಯಲ್ಲಿ ತೆಗೆದುಕೊಳ್ಳುವುದು, ಮಾತ್ರೆ ತೆಗೆದುಕೊಳ್ಳುವುದು ತೊಮಾರ್. ಕುಡಿಯುವುದಕ್ಕೂ ತೊಮಾರ್ ಬಳಸುತ್ತಾರೆ. ವಸ್ತುವನ್ನು ಒಯ್ಯುವುದು, ಮಗುವನ್ನು ಕರೆದುಕೊಂಡು ಹೋಗುವುದು ಎರಡೂ ಯೆವಾರ್. ಹೊರಗೆ ತೆಗೆಯುವುದು ಸಕಾರ್. ನಾವು ಫೋಟೊ ತೆಗೆಯುತ್ತೇವೆ, ಅವರೂ 'ಸಕಾರ್ ಉನಾ ಫೋತೊ' ಎನ್ನುತ್ತಾರೆ. ಮೇಲಿನಿಂದ ತೆಗೆದುಹಾಕುವುದು ಕಿತಾರ್, ಮೈಮೇಲಿನ ಬಟ್ಟೆ ಕಳಚುವುದು ಕಿತಾರ್ಸೆ. ದಾರಿಗೆ ಎರಡು ಗಂಟೆ ಹಿಡಿಯಿತು ಎನ್ನಲು ತರ್ದಾರ್. ಅದೇ ಸಿನಿಮಾ ಎರಡು ಗಂಟೆಯದು ಎನ್ನಲು ದುರಾರ್.

ಉಳಿಯಿತು ಕೊಹೇರ್. ಸ್ಪೇನಿನಲ್ಲಿ ಬಸ್ಸು ಹಿಡಿಯುವುದರಿಂದ ಹಿಡಿದು ಪೆನ್ನು ಎತ್ತಿಕೊಳ್ಳುವವರೆಗೆ ದಿನಕ್ಕೆ ನೂರು ಸಲ ಕೇಳಿಬರುವ ನಿರಪಾಯದ ಪದ. ಮೆಕ್ಸಿಕೊ, ಅರ್ಜೆಂಟೀನಾ ಮೊದಲಾದ ದೇಶಗಳಲ್ಲಿ ಅದು ಸಂಭೋಗಕ್ಕೆ ಬಳಸುವ ಒರಟು ಮಾತು. ಯಾವ ದೇಶದವರ ಜೊತೆ ಮಾತಾಡುತ್ತಿದ್ದೇವೆ ಎಂದು ತಿಳಿಯದಿದ್ದಾಗ ತೊಮಾರ್ ಎಲ್ಲ ಕಡೆ ಸಲ್ಲುತ್ತದೆ. ನಾನು ಅದನ್ನೇ ರೂಢಿ ಮಾಡಿಕೊಂಡಿದ್ದೇನೆ.

ಯೆವಾರ್ ಮತ್ತು ತ್ರಯೇರ್ ಜೋಡಿಯಲ್ಲೂ ನಮ್ಮ ಒಯ್ಯು, ತರು ಹೊಂದುತ್ತವೆ. ಅಲ್ಲಿಗೆ ಒಯ್ಯುವುದು, ಇಲ್ಲಿಗೆ ತರುವುದು. ಆದರೆ ಸ್ಪ್ಯಾನಿಷಿನಲ್ಲಿ ದಿಕ್ಕು ತೀರ್ಮಾನವಾಗುವುದು ಮಾತಾಡುವವನು ನಿಂತ ಜಾಗದಿಂದ, ಅದರಲ್ಲಿ ರಿಯಾಯಿತಿ ಕಡಿಮೆ. ಒಳಗಿಂದ ಯಾರೋ ಕರೆದಾಗ ನಾವು 'ಬಂದೆ, ಬಂದೆ' ಎನ್ನುತ್ತೇವೆ, ಇಂಗ್ಲಿಷಿನವರೂ ಬರುವ ಮಾತನ್ನೇ ಆಡುತ್ತಾರೆ. ಸ್ಪ್ಯಾನಿಷಿನವರು 'ಯಾ ವೊಯ್' ಎನ್ನುತ್ತಾರೆ, ಅಂದರೆ ಈಗ ಹೋಗುತ್ತಿದ್ದೇನೆ. ನಾನು ನಿಂತ ಜಾಗ ಬಿಟ್ಟು ಹೋಗುತ್ತಿರುವುದರಿಂದ ಅದು ಹೋಗುವುದೇ. ಇದು ಬಾಯಿಗೆ ಹತ್ತಲು ನನಗೆ ಬಹಳ ದಿನ ಬೇಕಾಯಿತು.

ಕನ್ನಡ ಕೈಕೊಡುವ ಜಾಗಗಳು

ಶುರುವಿನಲ್ಲಿ ಹೇಳಿದ 'ಕೇಳು' ಇಲ್ಲಿಗೆ ಬರುತ್ತದೆ. ಪ್ರಶ್ನೆ ಕೇಳು, ಸಾಲ ಕೇಳು, ಸದ್ದು ಕೇಳು, ಹಾಡು ಕೇಳು. ನಾಲ್ಕಕ್ಕೂ ನಮ್ಮಲ್ಲಿ ಒಂದೇ ಪದ. ಸ್ಪ್ಯಾನಿಷಿನಲ್ಲಿ ಕ್ರಮವಾಗಿ ಪ್ರೆಗುಂತಾರ್, ಪೆದೀರ್, ಓಯೀರ್, ಎಸ್ಕುಚಾರ್. ಓಯೀರ್ ಅಂದರೆ ಕಿವಿಗೆ ಬೀಳುವುದು, ಎಸ್ಕುಚಾರ್ ಅಂದರೆ ಕಿವಿಗೊಡುವುದು. ವಿಚಾರಿಸು, ಬೇಡು, ಕಿವಿಗೆ ಬೀಳು, ಕಿವಿಗೊಡು ಎಂದು ಇನ್ನೂ ಬಿಗಿಯಾದ ಕನ್ನಡ ಮಾತಿಗೆ ಬದಲಿಸಿಕೊಂಡರೆ ಮತ್ತೆ ದಾರಿ ಸಿಗುತ್ತದೆ. ಒಬ್ಬರ ಬಗ್ಗೆ ವಿಚಾರಿಸುವುದು 'ಪ್ರೆಗುಂತಾರ್ ಪೋರ್'.

'ಸೇವ್' ಕೂಡ ಹಾಗೆಯೇ. ಪ್ರಾಣ ಉಳಿಸು, ಹಣ ಉಳಿಸು, ಕಂಪ್ಯೂಟರಿನಲ್ಲಿ ಕಡತ ಉಳಿಸು. ಸ್ಪ್ಯಾನಿಷಿನಲ್ಲಿ ಪ್ರಾಣಕ್ಕೆ ಸಲ್ವಾರ್, ಹಣಕ್ಕೂ ಸಮಯಕ್ಕೂ ಅಓರ್ರಾರ್, ಕಡತಕ್ಕೆ ಗ್ವರ್ದಾರ್. ಕಾಪಾಡು, ಉಳಿತಾಯ ಮಾಡು, ಎತ್ತಿಡು ಎಂದು ಬದಲಿಸಿ ನೋಡಿ, ಮೂರೂ ಬೇರೆಯಾಗುತ್ತವೆ. ಮೂಲೆಯೂ ಒಂದು: ಕೋಣೆಯ ಒಳಗಿನಿಂದ ಕಾಣುವ ಮೂಲೆ ರಿಂಕೋನ್, ಬೀದಿ ತಿರುಗುವ ಹೊರಮೂಲೆ ಎಸ್ಕೀನಾ. ಮೀನು ನೀರಿನಲ್ಲಿ ಬದುಕಿದ್ದರೆ ಪೆಸ್, ತಿನ್ನಲೆಂದು ಹಿಡಿದಿದ್ದರೆ ಪೆಸ್ಕಾದೊ. ಮನುಷ್ಯನ ಕಾಲು ಪಿಯೆರ್ನಾ, ಪ್ರಾಣಿಯ ಕಾಲೂ ಮೇಜಿನ ಕಾಲೂ ಪಾತಾ. ಇವನ್ನು ಜೋಡಿಯಾಗಿಯೇ ಕಲಿಯಬೇಕು.

ನಿಜವಾದ ಪರೀಕ್ಷೆ ನಮ್ಮ 'ಆಗು'. ಇಂಗ್ಲಿಷಿನ 'ಬಿಕಮ್' ಪದಕ್ಕೆ ಕನ್ನಡದಲ್ಲಿ ಎಲ್ಲ ಕಡೆ ಆಗು ಸಾಕು: ಕೆಂಪಾದ, ಹುಚ್ಚನಾದ, ವೈದ್ಯನಾದ, ಕುರುಡನಾದ, ಅಧ್ಯಕ್ಷನಾದ. ಸ್ಪ್ಯಾನಿಷಿನಲ್ಲಿ ಈ ಐದೂ ಐದು ಕ್ರಿಯಾಪದಗಳು. ಥಟ್ಟನೆ ಆಗಿ ಸ್ವಲ್ಪ ಹೊತ್ತಿಗೆ ಇಳಿಯುವಂಥದ್ದಕ್ಕೆ ಪೊನೇರ್ಸೆ: 'ಸೆ ಪೂಸೊ ರೋಹೊ', ನಾಚಿ ಕೆಂಪಾದ. ಸ್ವಭಾವವೇ ಬದಲಾಗುವುದಕ್ಕೆ ವೊಲ್ವೇರ್ಸೆ: 'ಸೆ ವೊಲ್ವಿಯೋ ಲೋಕೊ'. ತನ್ನ ಪ್ರಯತ್ನದಿಂದ ಅಥವಾ ನಿರ್ಧಾರದಿಂದ ಆಗುವುದಕ್ಕೆ ಅಸೇರ್ಸೆ: 'ಸೆ ಈಸೊ ಮೇದಿಕೊ'. ಏನೋ ನಡೆದು ಆ ಸ್ಥಿತಿಯಲ್ಲೇ ಉಳಿದುಬಿಡುವುದಕ್ಕೆ ಕೆದಾರ್ಸೆ: 'ಸೆ ಕೆದೋ ಸಿಯೇಗೊ', ಕುರುಡನಾದ. ಬಹಳ ಕಾಲದ ನಡಿಗೆಯ ಕೊನೆಗೆ ಒಂದು ಸ್ಥಾನ ತಲುಪುವುದಕ್ಕೆ 'ಯೆಗಾರ್ ಆ ಸೆರ್': 'ಯೆಗೋ ಆ ಸೆರ್ ಪ್ರೆಸಿದೆಂತೆ'. ಒಂದು ಪೂರ್ತಿ ಇನ್ನೊಂದಾಗಿ ಮಾರ್ಪಟ್ಟರೆ 'ಕೊನ್ವೆರ್ತೀರ್ಸೆ ಎನ್' ಎಂಬ ಆರನೆಯದೂ ಇದೆ.

ಇದಕ್ಕೆ ಅಡ್ಡದಾರಿ ನನಗೆ ಸಿಕ್ಕಿಲ್ಲ. ಆದರೆ ಕ್ರಿಯಾಪದಗಳ ಮೂಲ ಅರ್ಥ ನೆನಪಿಟ್ಟರೆ ಭಾರ ಇಳಿಯುತ್ತದೆ. ಪೊನೇರ್ ಅಂದರೆ ಇಡು, ವೊಲ್ವೇರ್ ಅಂದರೆ ತಿರುಗು, ಅಸೇರ್ ಅಂದರೆ ಮಾಡು, ಕೆದಾರ್ ಅಂದರೆ ಉಳಿ, ಯೆಗಾರ್ ಅಂದರೆ ತಲುಪು. ಮಾಡಿಕೊಂಡು ವೈದ್ಯನಾದ, ತಿರುಗಿ ಹುಚ್ಚನಾದ, ಕುರುಡನಾಗಿ ಉಳಿದ, ತಲುಪಿ ಅಧ್ಯಕ್ಷನಾದ. ವಾರಗಟ್ಟಲೆ ಹೀಗೆ ಮನಸ್ಸಿನಲ್ಲೇ ಹೇಳಿಕೊಂಡ ಮೇಲೆ ತಪ್ಪುಗಳು ಕಡಿಮೆಯಾದವು.

'ಫಾರ್' ಜಾಗಕ್ಕೆ ಬರುವ ಪೋರ್ ಮತ್ತು ಪಾರಾ ಬಗ್ಗೆ ಇಷ್ಟೇ ಹೇಳುತ್ತೇನೆ. ಗುರಿ, ಗಡುವು, ಪಡೆಯುವವರು, ತಲುಪಬೇಕಾದ ಜಾಗ ಇವೆಲ್ಲ ಪಾರಾ. ಕಾರಣ, ಬದಲು, ಮೂಲಕ, ಬೆಲೆ ಇವೆಲ್ಲ ಪೋರ್. 'ಇದು ನಿನಗೆ' ಎಂದು ಕೊಟ್ಟರೆ 'ಪಾರಾ ತೀ', 'ನಿನ್ನ ಸಲುವಾಗಿ ಇಷ್ಟೆಲ್ಲ ಸಹಿಸಿದೆ' ಎಂದರೆ 'ಪೋರ್ ತೀ'. ನಮ್ಮ 'ಗಾಗಿ' ಎರಡು ಕಡೆಯೂ ಹೊಂದುವುದರಿಂದ ಅದನ್ನು ನೆಚ್ಚಬೇಡಿ.

ಚಿಕ್ಕಪುಟ್ಟವು

ಆಟ ಆಡುವುದು ಹುಗಾರ್, ವಾದ್ಯ ನುಡಿಸುವುದು ತೊಕಾರ್, ಪಾತ್ರ ಮಾಡುವುದು 'ಅಸೇರ್ ಎಲ್ ಪಪೆಲ್'. ಗಾಜು ವೀದ್ರಿಯೊ ಅಥವಾ ಕ್ರಿಸ್ತಾಲ್, ಲೋಟ ವಾಸೊ, ಕಾಲಿರುವ ಮದ್ಯದ ಲೋಟ ಕೋಪಾ, ಕನ್ನಡಕ ಸ್ಪೇನಿನಲ್ಲಿ ಗಾಫಾಸ್, ಮೆಕ್ಸಿಕೊದಲ್ಲಿ ಲೆಂತೆಸ್. ಹಳೆಯ ವಸ್ತು ವಿಯೇಹೊ, ಪ್ರಾಚೀನ ಕಟ್ಟಡ ಅಂತೀಗ್ವೊ. ವಯಸ್ಸಾದವರನ್ನು ಗೌರವದಿಂದ ಹೇಳುವಾಗ ಮಯೋರ್, ನಾವು 'ದೊಡ್ಡವರು' ಎನ್ನುತ್ತೇವಲ್ಲ, ಅದೇ ಭಾವ. ಅಣ್ಣ ಕೂಡ 'ಎರ್ಮಾನೊ ಮಯೋರ್'. ಪದ ಎಲ್ಲಿ ಕೂರುತ್ತದೆ ಎನ್ನುವುದೂ ಮುಖ್ಯ: 'ವಿಯೇಹೊ ಅಮೀಗೊ' ಬಹುಕಾಲದ ಗೆಳೆಯ, 'ಅಮೀಗೊ ವಿಯೇಹೊ' ವಯಸ್ಸಾದ ಗೆಳೆಯ. 'ಮಿ ಅಂತೀಗ್ವೊ ಪ್ರೊಫೆಸೋರ್' ಅಂದರೆ ಪ್ರಾಚೀನ ಗುರುವಲ್ಲ, ಹಿಂದೆ ನನಗೆ ಪಾಠ ಮಾಡಿದವರು.

ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ. ಹಾಗಾಗಿ ಕೆಲವು ಕಡೆ ಅರ್ಥಕ್ಕಿಂತ ದೇಶ ನೋಡಿ ಆರಿಸಬೇಕಾಗುತ್ತದೆ. ಪ್ರಯಾಣದ ಟಿಕೆಟ್ ಸ್ಪೇನಿನಲ್ಲಿ ಬಿಯೇತೆ, ಮೆಕ್ಸಿಕೊದಲ್ಲಿ ಬೊಲೇತೊ. ಕಂಪ್ಯೂಟರ್ ಸ್ಪೇನಿನಲ್ಲಿ ಒರ್ದೆನದೋರ್, ಮೆಕ್ಸಿಕೊದಲ್ಲಿ ಕೊಂಪುತದೋರಾ. ನಿಮ್ಮ ನೆನಪು ಕಾಡುತ್ತಿದೆ ಎನ್ನಲು ಸ್ಪೇನಿನಲ್ಲಿ 'ಎಚಾರ್ ದೆ ಮೇನೊಸ್', ಲ್ಯಾಟಿನ್ ಅಮೆರಿಕದಲ್ಲಿ ಎಸ್ತ್ರನ್ಯಾರ್. ಒಂದು ದೇಶದ ರೂಢಿಯನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳುವುದು ಕಲಿಕೆಯ ಮೊದಲ ವರ್ಷಗಳಲ್ಲಿ ಒಳ್ಳೆಯದು.

ನಿಘಂಟು ತೆರೆದಾಗ

ಇಂಗ್ಲಿಷ್-ಸ್ಪ್ಯಾನಿಷ್ ನಿಘಂಟಿನಲ್ಲಿ ಮೊದಲ ಪದಕ್ಕೇ ನಿಲ್ಲಬೇಡಿ. ಸಿಕ್ಕ ಸ್ಪ್ಯಾನಿಷ್ ಪದವನ್ನು ತಿರುಗಿ ಸ್ಪ್ಯಾನಿಷ್-ಇಂಗ್ಲಿಷ್ ಭಾಗದಲ್ಲಿ ಹುಡುಕಿ, ಅಲ್ಲಿ ನಿಮಗೆ ಬೇಕಾದ ಅರ್ಥ ಇದೆಯೇ ನೋಡಿ. ನಾನು ಪ್ರೆಗುಂತಾರ್ ಪದವನ್ನು ಹೀಗೆ ತಿರುಗಿಸಿ ನೋಡಿದ್ದರೆ ನೀರಿನ ತಪ್ಪು ಆಗುತ್ತಿರಲಿಲ್ಲ. ಸ್ವಲ್ಪ ಕಲಿತ ಮೇಲೆ 1713ರಲ್ಲಿ ಸ್ಥಾಪನೆಯಾದ ಸ್ಪೇನಿನ ಭಾಷಾ ಸಂಸ್ಥೆ ರೆಯಾಲ್ ಅಕಾದೆಮಿಯಾ ಎಸ್ಪನ್ಯೋಲಾದ ನಿಘಂಟನ್ನು ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು. ಯಾವ ಅರ್ಥ ಯಾವ ದೇಶದ್ದು, ಯಾವುದು ಅಸಭ್ಯ ಎಂಬ ಗುರುತುಗಳನ್ನು ಅದು ಪದದ ಪಕ್ಕದಲ್ಲೇ ಕೊಡುತ್ತದೆ. ಹಳೆಯ ಮುದ್ರಿತ ನಿಘಂಟು ಕೈಗೆ ಸಿಕ್ಕರೆ ಒಂದು ವಿಷಯ ತಿಳಿದಿರಲಿ: 1994ಕ್ಕೆ ಮೊದಲು ಚ ಧ್ವನಿಯ ಜೋಡಿ ಅಕ್ಷರಕ್ಕೂ ಯೆವಾರ್, ಯೆಗಾರ್ ಪದಗಳ ಮೊದಲಲ್ಲಿ ಬರುವ ಜೋಡಿ ಎಲ್ ಅಕ್ಷರಕ್ಕೂ ಪ್ರತ್ಯೇಕ ವಿಭಾಗಗಳಿರುತ್ತಿದ್ದವು. ಪದ ಸಿಗದಿದ್ದರೆ ಮುಂದಿನ ವಿಭಾಗ ತಿರುವಿ. ಅನುವಾದ ಯಂತ್ರಕ್ಕೆ ಒಂಟಿ ಪದ ಕೊಡಬೇಡಿ, ಇಡೀ ವಾಕ್ಯ ಕೊಡಿ. ಒಂಟಿ ಪದ ಕೊಟ್ಟರೆ ನಿಮಗೆ ಬೇಕಾದ ಅರ್ಥ ಯಾವುದು ಎಂದು ಅದಕ್ಕೆ ತಿಳಿಯುವ ದಾರಿಯಿಲ್ಲ.

ಒಂದು ವಾಕ್ಯವನ್ನು ಮೊದಲಿಂದ ಕೊನೆವರೆಗೆ ಮಾಡಿ ತೋರಿಸುತ್ತೇನೆ. 'ದ ಲೈಟ್ ಬ್ಯಾಗ್ ಈಸ್ ಆನ್ ದ ರೈಟ್. ಟೇಕ್ ಇಟ್ ದಿಸ್ ಟೈಮ್.' ಇದರಲ್ಲಿ ಐದು ಕಡೆ ಆಯ್ಕೆ ಇದೆ. ಲೈಟ್ ಎಂದರೆ ಬೆಳಕಲ್ಲ, ಹಗುರವೋ ತಿಳಿಬಣ್ಣವೋ ತೀರ್ಮಾನವಾಗಬೇಕು. ಚೀಲ ಹೊರುವ ಮಾತಾದ್ದರಿಂದ ಹಗುರ ಎಂದುಕೊಳ್ಳೋಣ: ಲಿಹೇರಾ, ಲ್ಯಾಟಿನ್ ಅಮೆರಿಕದ ಹಲವು ಕಡೆ ಲಿವಿಯಾನಾ. ಚೀಲ ಬಲಗಡೆ 'ಇದೆ', ನಿಷೇಧಿಸಿದರೆ 'ಇಲ್ಲ', ಆದ್ದರಿಂದ ಎಸ್ತಾ. ಚೀಲ ಮೊದಲು ಬಂದಿದೆ, ಯಾವ ಚೀಲ ಎಂದು ಗೊತ್ತಿದೆ, ಆಯ್ ಬೇಡ. ಬಲಗಡೆ ಎಂದರೆ 'ಆ ಲಾ ದೆರೇಚಾ'. ಟೇಕ್ ಇಲ್ಲಿ ಒಯ್ಯುವುದು, ಆದ್ದರಿಂದ ಯೆವಾರ್. ದಿಸ್ ಟೈಮ್ ಅಂದರೆ ಈ ಸಲ, ಆದ್ದರಿಂದ 'ಎಸ್ತಾ ವೆಸ್' (ಈ ಎಸ್ತಾ ಕ್ರಿಯಾಪದವಲ್ಲ, 'ಈ' ಎಂಬ ಅರ್ಥದ ಬೇರೆ ಪದ). ಕೂಡಿಸಿದರೆ: 'ಲಾ ಬೋಲ್ಸಾ ಲಿಹೇರಾ ಎಸ್ತಾ ಆ ಲಾ ದೆರೇಚಾ, ಎಸ್ತಾ ವೆಸ್ ಯೇವಾತೆಲಾ.' ಹೇಳಿದವರ ಮನಸ್ಸಿನಲ್ಲಿ ಇದ್ದದ್ದು ತಿಳಿಬಣ್ಣದ ಚೀಲವಾಗಿದ್ದರೆ ಲಿಹೇರಾ ತೆಗೆದು 'ದೆ ಕೊಲೋರ್ ಕ್ಲಾರೊ' ಹಾಕಿ, ಉಳಿದದ್ದೆಲ್ಲ ಹಾಗೆಯೇ ನಿಲ್ಲುತ್ತದೆ.